ಕೊಟ್ಟಿಗೆ ನೊಣ, ಕುದುರೆ ನೊಣ

ಸಂಜೆ ಹಾಲು ಕರೆಯಲು ಕೂತಿರುತ್ತೇವೆ. ಹಸು ಕಾಲು ಝಾಡಿಸುತ್ತದೆ. ಪಾತ್ರೆ ಉರುಳಿ ಹಾಲು ಮಣ್ಣುಪಾಲು. ಸಿಟ್ಟು ಬಂದು ಹಸುವಿಗೆ ಒಂದು ಏಟು ಕೊಡುತ್ತೇವೆ. ಪಾಪ, ಅದರ ತಪ್ಪೇನು? ಸ್ವಲ್ಪ ಬಗ್ಗಿ ಅದರ ಕಾಲು ನೋಡೋಣ.

ಅಲ್ಲಿ ನೊಣ ಕೂತಿದೆ. ನೋಡಲು ಮನೆ ನೊಣದ ಹಾಗೇ ಇದೆ. ಆದರೆ ಮನೆ ನೊಣಕ್ಕೆ ಕಚ್ಚಲು ಬಾರದು, ನೆಕ್ಕುವುದಷ್ಟೇ. ಇದರ ಮೂತಿಯಿಂದ ಸೂಜಿಯಂಥ ಕೊಳವೆ ಮುಂದಕ್ಕೆ ಚಾಚಿದೆ. ಇದು ಕೊಟ್ಟಿಗೆ ನೊಣ. ಚರ್ಮ ಚುಚ್ಚಿ ರಕ್ತ ಹೀರುತ್ತದೆ. ಗಂಡೂ ಹೀರುತ್ತದೆ, ಹೆಣ್ಣೂ ಹೀರುತ್ತದೆ. ಹೆಚ್ಚಾಗಿ ಕಾಲಿಗೇ ಕಚ್ಚುತ್ತದೆ. ನಮ್ಮ ಕಾಲನ್ನೂ ಬಿಡದು.

ಇನ್ನೊಂದು ನೊಣ ದೊಡ್ಡದು. ಅದಕ್ಕೆ ಊರಿಗೊಂದು ಹೆಸರು. ಇಲ್ಲಿ ಕುದುರೆ ನೊಣ ಅನ್ನೋಣ. ತಲೆ ತುಂಬ ಕಣ್ಣೇ ಕಣ್ಣು. ಬಿಸಿಲೇರಿದಾಗ ಬಯಲಲ್ಲಿ, ಕೆರೆ ಬದಿಯಲ್ಲಿ ದನದ ಮೇಲೆ ಎರಗುತ್ತದೆ. ಕೊಟ್ಟಿಗೆ ಒಳಗೆ ಬರುವುದು ಕಡಿಮೆ. ಇದರಲ್ಲಿ ರಕ್ತ ಕುಡಿಯೋದು ಹೆಣ್ಣು ಮಾತ್ರ. ಮೊಟ್ಟೆ ಕಟ್ಟಲು ಅದಕ್ಕೆ ರಕ್ತ ಬೇಕು. ಗಂಡು ಹೂವಿನ ರಸ ಕುಡಿದುಕೊಂಡಿರುತ್ತದೆ. ಇದು ಚುಚ್ಚುವುದಿಲ್ಲ, ಚರ್ಮ ಕೊಯ್ದು ಒಸರುವ ರಕ್ತ ನೆಕ್ಕುತ್ತದೆ. ಹಾರಿಹೋದ ಮೇಲೂ ಗಾಯದಿಂದ ರಕ್ತ ಇಳಿಯುತ್ತಿರುತ್ತದೆ.

ನೋವಿಗೆ ದನ ಬಾಲ ಬೀಸುತ್ತದೆ. ನೊಣ ಅರೆಹೊಟ್ಟೆಯಲ್ಲೇ ಪಕ್ಕದ ದನಕ್ಕೆ ಹಾರುತ್ತದೆ. ಬಾಯಿಗೆ ಮೆತ್ತಿದ ರಕ್ತವೂ ಜೊತೆಗೆ ಹೋಗುತ್ತದೆ. ಸರ್ರಾ ಎಂಬ ರೋಗ ಹೀಗೆ ಹರಡುತ್ತದೆ. ಇದರ ರೋಗಾಣುವನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬ್ ಪ್ರಾಂತದಲ್ಲಿ ಕಂಡುಹಿಡಿದರು. ಜ್ವರ ಬಿಟ್ಟು ಬಿಟ್ಟು ಬಂದರೆ, ದನ ಸೊರಗಿದರೆ, ನಿಂತಲ್ಲೇ ಸುತ್ತು ಹಾಕಿದರೆ ತಡ ಮಾಡಬಾರದು. ಪಶು ಆಸ್ಪತ್ರೆಗೆ ತಿಳಿಸಬೇಕು. ರಕ್ತ ಪರೀಕ್ಷೆ ಮಾಡುತ್ತಾರೆ, ಇಂಜೆಕ್ಷನ್ ಇದೆ.

ಈ ಕಾಟ ತಪ್ಪಿಸೋದು ಹೇಗೆ? ನೊಣ ಎಲ್ಲಿ ಹುಟ್ಟುತ್ತದೆ ಅಂತ ತಿಳಿಯಬೇಕು. ಕೊಟ್ಟಿಗೆ ನೊಣ ಹುಟ್ಟೋದು ನಮ್ಮ ಕೊಟ್ಟಿಗೆಯಲ್ಲೇ. ಸಗಣಿ, ಗಂಜಲ ಬೆರೆತು ಕೊಳೆತ ಹುಲ್ಲಿನಲ್ಲಿ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಮೂರು ವಾರದೊಳಗೆ ಮೊಟ್ಟೆ ನೊಣವಾಗಬಹುದು. ಅದಕ್ಕೇ ಗೋದಲಿ ಕೆಳಗಿನ ಒದ್ದೆ ಹುಲ್ಲನ್ನು ದಿನಾ ಬಾಚಬೇಕು. ಮೂಲೆಯದನ್ನೂ ಬಿಡಬಾರದು. ಗಂಜಲ ನಿಲ್ಲದೆ ಹರಿದುಹೋಗಬೇಕು. ಬರೀ ಹೊಗೆ ಹಾಕಿದರೆ ಸಾಲದು. ಹೊಗೆ ಆರಿತು, ನೊಣ ಬಂತು! ಅಂದ ಹಾಗೆ, ಕೊಟ್ಟಿಗೆ ಬಾಚೋದು ಹೆಂಗಸರ ಕೆಲಸ ಅಂತ ಯಾರು ಬರೆದಿಟ್ಟರೋ? ಮನೆಯ ಗಂಡಸರೂ ಕೈ ಹಾಕಲಿ.

ಕುದುರೆ ನೊಣಕ್ಕೆ ಈ ಉಪಾಯ ನಡೆಯದು. ಅದರ ಮರಿಹುಳು ಕೆರೆಯಂಚಿನ ಕೆಸರಲ್ಲಿ ತಿಂಗಳುಗಟ್ಟಲೆ ಬೆಳೆಯುತ್ತದೆ. ಆ ಕೆಸರನ್ನೆಲ್ಲ ಯಾರು ಬಾಚಿಯಾರು? ದನವನ್ನೇ ತಪ್ಪಿಸಬೇಕು. ಕಾಟ ಇರುವ ದಿನಗಳಲ್ಲಿ ಬೆಳಿಗ್ಗೆ ಬೇಗ ಮೇಯಿಸೋಣ. ಬಿಸಿಲೇರುವ ಮುಂಚೆ ಕೊಟ್ಟಿಗೆ ನೆರಳಿಗೆ ತಂದು ಕಟ್ಟೋಣ. ಹೊತ್ತು ಇಳಿದ ಮೇಲೆ ಮತ್ತೆ ಬಿಟ್ಟರಾಯಿತು.