ಒಬ್ಬರು ಮಾತಾಡಿ, ಉಳಿದವರು ಕೇಳಿ

ಮುಂಬಯಿಯ ಧಾರಾವಿಯ ವಿಸ್ತೀರ್ಣ ಎರಡೂವರೆ ಚದರ ಕಿಲೋಮೀಟರಿಗಿಂತ ತುಸು ಕಡಿಮೆ. ಅಷ್ಟರೊಳಗೇ ಲಕ್ಷಾಂತರ ಜನ, ಇಬ್ಬರು ಎದುರಾದರೆ ಒಬ್ಬರು ಮೈ ಓರೆ ಮಾಡಿಕೊಳ್ಳಬೇಕಾದ ಗಲ್ಲಿಗಳು. ಹೊಸಬರು ಇಲ್ಲಿ ದಾರಿ ತಪ್ಪುವುದು ಸಹಜ. ಆದರೆ ಹತ್ತು ಹೆಜ್ಜೆಯೊಳಗೆ ಯಾರಾದರೂ ಸಿಗುತ್ತಾರೆ. ಕುಂಬಾರವಾಡೆಯಲ್ಲಿ ಮಡಕೆ ಒಣಹಾಕುವವರನ್ನು ಗುಜರಾತಿಯಲ್ಲಿ ಕೇಳಬಹುದು, ಚರ್ಮದ ಅಂಗಡಿಯವರನ್ನು ತಮಿಳಿನಲ್ಲೋ ಹಿಂದಿಯಲ್ಲೋ ಕೇಳಬಹುದು. ಅದೃಷ್ಟವಿದ್ದರೆ ಕಲಬುರಗಿ ಕಡೆಯವರೊಬ್ಬರು ಸಿಕ್ಕಿ ಕನ್ನಡದಲ್ಲೇ ದಾರಿ ತೋರಿಸಿಯಾರು.

ಇದೇ ಧಾರಾವಿಯ ಅಂಚಿನಲ್ಲಿರುವ ಸಾಯನ್ ಸ್ಟೇಷನ್ನಿನಲ್ಲಿ ಮಳೆಗಾಲದ ಶನಿವಾರ ರಾತ್ರಿ ಬೆನ್ನಿಗೆ ಚೀಲ ಏರಿಸಿದ ಹುಡುಗ ಹುಡುಗಿಯರು ಕಾಣುತ್ತಾರೆ. ಕಸಾರಾ ಅಥವಾ ಕರ್ಜತ್ ಲೋಕಲ್ ಹಿಡಿದರೆ ಬೆಳಗಾಗುವಷ್ಟರಲ್ಲಿ ಸಹ್ಯಾದ್ರಿಯ ಬುಡ. ಅಲ್ಲಿ ದಾರಿ ತಪ್ಪಿದರೆ ಕೇಳಲು ಯಾರೂ ಇಲ್ಲ. ಮೊಬೈಲಿನಲ್ಲಿ ಸಿಗ್ನಲ್ಲಿನ ಒಂದು ಕಡ್ಡಿಯೂ ಇರುವುದಿಲ್ಲ.

ಹಾಗೆ ತಪ್ಪಿಸಿಕೊಂಡವರನ್ನು ಹುಡುಕುವ ಕೆಲಸದ ಕಷ್ಟ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ. ದಿಕ್ಕುತಪ್ಪಿದ ಚಾರಣಿಗ ಗಂಟೆಗೆ ಎರಡು ಕಿಲೋಮೀಟರ್ ನಡೆಯುತ್ತಾನೆ ಅಂದುಕೊಳ್ಳೋಣ. ಒಂದು ಗಂಟೆಯ ನಂತರ ಅವನು ಕೊನೆಯದಾಗಿ ಕಂಡ ಜಾಗದ ಸುತ್ತ ಎರಡು ಕಿಲೋಮೀಟರಿನ ವೃತ್ತದಲ್ಲಿ ಎಲ್ಲಾದರೂ ಇರಬಹುದು. ಅದು ಸುಮಾರು ಹನ್ನೆರಡೂವರೆ ಚದರ ಕಿಲೋಮೀಟರ್, ಅಂದರೆ ಐದು ಧಾರಾವಿ. ಮೂರು ಗಂಟೆಯ ನಂತರ ವೃತ್ತ 113 ಚದರ ಕಿಲೋಮೀಟರ್ ಆಗುತ್ತದೆ, ನಲವತ್ತೈದು ಧಾರಾವಿ. ಸಮಯ ಮೂರು ಪಟ್ಟಾದರೆ ಜಾಗ ಒಂಬತ್ತು ಪಟ್ಟು.

ಇನ್ನೊಂದು ಲೆಕ್ಕವೂ ಇದೆ. ಧಾರಾವಿಗೆ ಅಂಟಿಕೊಂಡಂತೆ ಮೀಠಿ ನದಿಯ ದಡದಲ್ಲಿ, ಹಿಂದೆ ಕಸ ಸುರಿಯುತ್ತಿದ್ದ ಜಾಗದಲ್ಲಿ ಬೆಳೆಸಿದ ಮಹಾರಾಷ್ಟ್ರ ನಿಸರ್ಗ ಉದ್ಯಾನವಿದೆ. ವಿಸ್ತೀರ್ಣ 37 ಎಕರೆ. ಐದು ಜನ ಹತ್ತು ಹತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ಪೊದೆ ಪೊದೆ ನೋಡುತ್ತ ಗಂಟೆಗೆ ಒಂದು ಕಿಲೋಮೀಟರಿನಂತೆ ನಡೆದರೆ ಆ ಪುಟ್ಟ ಕಾಡನ್ನು ಮುಗಿಸಲು ಮೂರು ಗಂಟೆ ಬೇಕು. ಧಾರಾವಿಯಷ್ಟು ಕಾಡಿಗೆ ಐವತ್ತು ಗಂಟೆ. ನಲವತ್ತೈದು ಧಾರಾವಿಯನ್ನು ಹೀಗೆ ಜಾಲಾಡುವುದು ಆಗದ ಮಾತು.

ಹಾಗಾಗಿ ಮೊದಲು ಮಾಡಬೇಕಾದ್ದು ವೃತ್ತವನ್ನು ಕುಗ್ಗಿಸುವ ಕೆಲಸ. ಅದು ನಡೆಯುವುದು ಬೆಟ್ಟದ ಬುಡದ ಹಳ್ಳಿಯಲ್ಲಿ, ಶಾಲೆಯ ಜಗಲಿಯಲ್ಲೋ ದೇವಸ್ಥಾನದ ಕಟ್ಟೆಯ ಮೇಲೋ ನಕ್ಷೆ ಹರಡಿಕೊಂಡು, ಕೈಯಲ್ಲಿ ವಾಕಿಟಾಕಿ, ಎದುರಿಗೆ ನೋಟ್‌ಬುಕ್ ಇಟ್ಟುಕೊಂಡು ಕೂತ ಒಬ್ಬರಿಂದ. ಕಾಡೊಳಗೆ ಹೋದ ತಂಡಗಳೆಲ್ಲ ಅವರನ್ನು ಕರೆಯುವುದು ‘ಕಂಟ್ರೋಲ್’ ಎಂದು.

2022ರ ಮೇ 20ರಂದು ಲೋಣಾವಳದ ನಾಗಫಣಿ ಬೆಟ್ಟಕ್ಕೆ ಒಬ್ಬನೇ ಹೋಗಿದ್ದ ದೆಹಲಿಯ 24 ವರ್ಷದ ಯುವಕನೊಬ್ಬ ಮನೆಗೆ ಫೋನ್ ಮಾಡಿ, ಕಾಡಿನಲ್ಲಿ ದಾರಿ ತಪ್ಪಿದೆ ಎಂದು ತಿಳಿಸಿದ. ಆಮೇಲೆ ಫೋನ್ ಸಂಪರ್ಕಕ್ಕೆ ಸಿಗಲಿಲ್ಲ. ಪೊಲೀಸರು, ಲೋಣಾವಳದ ‘ಶಿವದುರ್ಗ ಮಿತ್ರ’ದ ಸ್ವಯಂಸೇವಕರು, ಎನ್‌ಡಿಆರ್‌ಎಫ್, ಅಲ್ಲೇ ಇರುವ ನೌಕಾದಳದ ಐಎನ್‌ಎಸ್ ಶಿವಾಜಿ ನೆಲೆಯವರು, ಊರವರು ಎಲ್ಲರೂ ಹುಡುಕಿದರು. ಡ್ರೋನ್ ಹಾರಿತು. ನಾಲ್ಕು ದಿನದ ನಂತರ ಕಣಿವೆಯಲ್ಲಿ ಶವ ಸಿಕ್ಕಿತು.

ಇಂಥ ಹುಡುಕಾಟದಲ್ಲಿ ಸೇರುವವರ ಪಟ್ಟಿಯನ್ನೇ ನೋಡಿ. ಪೊಲೀಸರ ವೈರ್‌ಲೆಸ್ ಬೇರೆ, ಎನ್‌ಡಿಆರ್‌ಎಫ್‌ನದು ಬೇರೆ, ನೌಕಾದಳದ್ದು ಬೇರೆ, ಸ್ವಯಂಸೇವಕರ ಸೆಟ್ಟುಗಳು ಇನ್ನೊಂದು. ಒಬ್ಬರ ಸೆಟ್ಟಿನ ಮಾತು ಮತ್ತೊಬ್ಬರ ಸೆಟ್ಟಿಗೆ ಕೇಳಿಸುವುದಿಲ್ಲ. ಇದಕ್ಕೆ ಸರಳ ಉಪಾಯವೆಂದರೆ ಪ್ರತಿ ಪಡೆಯ ಒಬ್ಬರನ್ನು ಅವರವರ ಸೆಟ್ಟಿನೊಡನೆ ಒಂದೇ ಮೇಜಿನ ಸುತ್ತ ಕೂರಿಸುವುದು. ತಂತ್ರಜ್ಞಾನ ಬೆಸೆಯದ್ದನ್ನು ಅಕ್ಕಪಕ್ಕದ ಕುರ್ಚಿಗಳು ಬೆಸೆಯುತ್ತವೆ. ಮಹಾರಾಷ್ಟ್ರದಲ್ಲಿ ಪರ್ವತಾರೋಹಿಗಳ ಒಕ್ಕೂಟವಾದ ಅಖಿಲ ಮಹಾರಾಷ್ಟ್ರ ಗಿರ್ಯಾರೋಹಣ ಮಹಾಸಂಘವು ‘ಮಹಾರಾಷ್ಟ್ರ ಮೌಂಟನಿಯರ್ಸ್ ರೆಸ್ಕ್ಯೂ ಕೋಆರ್ಡಿನೇಷನ್ ಸೆಂಟರ್’ ಎಂಬ ಸಮನ್ವಯ ಕೇಂದ್ರ ಕಟ್ಟಿದ್ದು ಈ ಕಾರಣಕ್ಕೇ. ಎಲ್ಲಿಂದಲೋ ಕರೆ ಬಂದರೆ ಹತ್ತಿರದ ತಂಡ ಯಾವುದು, ಅವರ ಬಳಿ ಹಗ್ಗ, ಸ್ಟ್ರೆಚರ್ ಏನೇನಿದೆ ಎಂದು ನೋಡಿ ಅವರನ್ನು ಹೊರಡಿಸುತ್ತದೆ. ಲೋಣಾವಳದ ಶಿವದುರ್ಗ ಮಿತ್ರ, ಖೋಪೋಲಿಯ ಯಶವಂತಿ ಹೈಕರ್ಸ್, ಪನ್ವೇಲಿನ ನಿಸರ್ಗಮಿತ್ರದಂಥ ತಂಡಗಳಿಗೆ ತಮ್ಮ ಊರಿನ ಬೆಟ್ಟದ ಒಂದೊಂದು ತೊರೆಯೂ ಗೊತ್ತು.

ವಾಕಿಟಾಕಿಯಲ್ಲಿ ಮಾತಾಡುವುದು ಫೋನಿನಲ್ಲಿ ಮಾತಾಡಿದಂತಲ್ಲ. ಒಂದು ಹೊತ್ತಿಗೆ ಒಬ್ಬರು ಮಾತ್ರ. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ನೀವು ಬೇರೆಯವರನ್ನು ಕೇಳಿಸಿಕೊಳ್ಳಲಾರಿರಿ. ಇಬ್ಬರು ಒಟ್ಟಿಗೆ ಒತ್ತಿದರೆ ಇನ್ನೂ ತೊಂದರೆ: ಈ ಸೆಟ್ಟುಗಳು ಬಳಸುವ ಎಫ್‌ಎಂ ವಿಧಾನದಲ್ಲಿ ಬಲವಾದ ಸಿಗ್ನಲ್ ದುರ್ಬಲವಾದದ್ದನ್ನು ಪೂರ್ತಿ ಮುಚ್ಚಿಹಾಕುತ್ತದೆ. ಕಂಟ್ರೋಲ್‌ನ ಪಕ್ಕದಲ್ಲೇ ನಿಂತು ಚಹಾ ಬಂತೇ ಎಂದು ವಿಚಾರಿಸುವವನ ದನಿ ಸ್ಪಷ್ಟವಾಗಿ ಕೇಳುತ್ತದೆ. ಆರು ಕಿಲೋಮೀಟರ್ ಆಚೆ ಕೊರಕಲಿನಲ್ಲಿ ಒಂದು ಚಪ್ಪಲಿ ಕಂಡವನ ದನಿ ಯಾರಿಗೂ ಕೇಳುವುದಿಲ್ಲ. ಕೇಳಲಿಲ್ಲವೆಂಬುದೂ ಯಾರಿಗೂ ಗೊತ್ತಾಗುವುದಿಲ್ಲ.

ಅದಕ್ಕೇ ಇಷ್ಟು ಕಟ್ಟುನಿಟ್ಟು. ಗುಂಡಿ ಒತ್ತಿ ಒಂದು ಕ್ಷಣ ಬಿಟ್ಟು ಮಾತು ಶುರುಮಾಡಬೇಕು, ಇಲ್ಲವಾದರೆ ಮೊದಲ ಪದ ಕತ್ತರಿಸಿಹೋಗುತ್ತದೆ. ಮೊದಲು ಯಾರನ್ನು ಕರೆಯುತ್ತಿದ್ದೇವೋ ಅವರ ಹೆಸರು, ಆಮೇಲೆ ತನ್ನ ತಂಡದ ಸಂಖ್ಯೆ, ಆಮೇಲೆ ವಿಷಯ. ಸಂಖ್ಯೆಗಳನ್ನು ಒಂದೊಂದೇ ಅಂಕಿಯಾಗಿ ಹೇಳಬೇಕು, ಕೇಳಿಸಿಕೊಂಡವರು ಅದನ್ನು ತಿರುಗಿ ಹೇಳಬೇಕು. ಊರವರ ಮರಾಠಿ, ಜವಾನರ ಹಿಂದಿ, ಸ್ವಯಂಸೇವಕರ ಇಂಗ್ಲಿಷ್ ಮೂರೂ ಸೇರುವ ಚಾನೆಲ್ಲಿನಲ್ಲಿ ಹದಿನೈದು ಐವತ್ತಾಗಲು ಹೆಚ್ಚು ಹೊತ್ತು ಬೇಡ.

ಕಂಟ್ರೋಲ್‌ನ ನೋಟ್‌ಬುಕ್ಕಿನಲ್ಲಿ ಸಮಯ, ಯಾರಿಂದ, ಯಾರಿಗೆ, ಏನು ಸುದ್ದಿ, ಏನು ಮಾಡಲಾಯಿತು ಎಂಬ ಕಾಲಂಗಳಿರುತ್ತವೆ. ‘10.40, ಟೀಮ್ ಮೂರು. ತೊರೆಯ ಎಡದ ಕಾಲುದಾರಿಯಲ್ಲಿ ಜೇಡರ ಬಲೆ ಹರಿದಿಲ್ಲ’ ಎಂದು ಒಂದು ಸಾಲು. ಏನೂ ಸಿಕ್ಕಿಲ್ಲದ ಸುದ್ದಿ ಇದು, ಆದರೂ ಬೆಲೆ ದೊಡ್ಡದು. ಇತ್ತೀಚೆಗೆ ಆ ದಾರಿಯಲ್ಲಿ ಯಾರೂ ಹೋಗಿಲ್ಲವೆಂದಾಯಿತು. ನಕ್ಷೆಯಲ್ಲಿ ಆ ಕಡೆಯ ತುಂಡೊಂದು ಸದ್ಯಕ್ಕೆ ಪಕ್ಕಕ್ಕೆ ಸರಿಯಿತು. ಹನ್ನೊಂದು ಗಂಟೆಗೆ ಎಲ್ಲಿದ್ದೇವೆಂದು ತಿಳಿಸಬೇಕಾದ ತಂಡ ಹನ್ನೊಂದೂವರೆಗೂ ಮಾತಾಡದಿದ್ದರೆ ಅದೂ ಪುಸ್ತಕದಿಂದಲೇ ಎದ್ದು ಕಾಣುತ್ತದೆ. ಹುಡುಕಲು ಹೋದವರೇ ಕಳೆದುಹೋಗದಂತೆ ನೋಡಿಕೊಳ್ಳುವುದು ಕಂಟ್ರೋಲ್‌ನ ಅರ್ಧ ಕೆಲಸ. ಹೊರಡುವ ಮುಂಚೆಯೇ ಮಾತಾಗಿರುತ್ತದೆ: ಎರಡು ಸಲ ಸಂಪರ್ಕ ತಪ್ಪಿದರೆ ತಂಡ ಇಂಥ ಜಾಗಕ್ಕೆ ಮರಳಬೇಕು.

ಸಂಪರ್ಕ ತಪ್ಪುವುದು ಘಟ್ಟದ ಗುಣ. ವಾಕಿಟಾಕಿಯ ವಿಎಚ್‌ಎಫ್ ಅಲೆಗಳು ಟಾರ್ಚಿನ ಬೆಳಕಿನಂತೆ ಹೆಚ್ಚುಕಮ್ಮಿ ನೇರ ಹೋಗುತ್ತವೆ. ನಡುವೆ ಕಲ್ಲಿನ ಗೋಡೆ ಬಂದರೆ ಆಚೆಗೆ ಕತ್ತಲು. ಸಪಾಟು ನೆಲದಲ್ಲಿ ನಿಂತ ಇಬ್ಬರ ನಡುವೆ ಕೆಲವೇ ಕಿಲೋಮೀಟರ್ ಸಂಪರ್ಕ ಸಾಧ್ಯ. 1,646 ಮೀಟರ್ ಎತ್ತರದ ಕಳಸೂಬಾಯಿ ಶಿಖರದ ಮೇಲೆ ನಿಂತವರಿಗೆ ಲೆಕ್ಕದ ಪ್ರಕಾರ ದಿಗಂತವೇ ಸುಮಾರು 145 ಕಿಲೋಮೀಟರ್ ದೂರ. ಹೀಗಾಗಿ ಅನುಭವಿ ತಂಡಗಳು ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಎರಡೂ ಕಣಿವೆ ಕಾಣುವ ಕೋಟೆಯ ಬುರುಜಿನ ಮೇಲೋ ಏಣಿನ ಮೇಲೋ ಒಬ್ಬರನ್ನು ಕೂರಿಸುವುದು. ಅವರು ಹುಡುಕಲು ಹೋಗುವುದಿಲ್ಲ. ಮಳೆಯಲ್ಲಿ ನೆನೆಯುತ್ತ, ಈ ಕಣಿವೆಯ ಮಾತನ್ನು ಆ ಕಣಿವೆಗೆ ಪದಕ್ಕೆ ಪದ ದಾಟಿಸುತ್ತ ಕೂರುತ್ತಾರೆ. ಪತ್ರಿಕೆಯ ಫೋಟೊದಲ್ಲಿ ಅವರು ಬರುವುದು ಅಪರೂಪ.

ಕೆಲವೊಮ್ಮೆ ರೇಡಿಯೊ ಅತಿ ಹೆಚ್ಚು ಕೆಲಸಕ್ಕೆ ಬರುವುದು ಎಲ್ಲರನ್ನೂ ಸುಮ್ಮನಿರಿಸಲು. ಕಂಟ್ರೋಲ್‌ನಿಂದ ಮಾತು ಬರುತ್ತದೆ: ‘ಎಲ್ಲ ತಂಡಗಳೂ ಕೇಳಿ. ನಿಂತಲ್ಲೇ ನಿಲ್ಲಿ. ಮೂರು, ಎರಡು, ಒಂದು, ಊದಿ.’ ಎಲ್ಲ ತಂಡಗಳೂ ಒಂದೇ ಸಲ ಸೀಟಿ ಊದುತ್ತವೆ. ಆಮೇಲೆ ಒಂದು ನಿಮಿಷ ಯಾರೂ ನಡೆಯುವಂತಿಲ್ಲ, ಕೆಮ್ಮುವಂತಿಲ್ಲ, ಸೆಟ್ಟು ಮುಟ್ಟುವಂತಿಲ್ಲ. ಕಾಲು ಮುರಿದು ಪೊದೆಯಲ್ಲಿ ಬಿದ್ದವನ ಕೂಗು ಕೇಳಿಸುವುದಾದರೆ ಆ ಒಂದು ನಿಮಿಷದಲ್ಲಿ. ಎರಡು ತಂಡಕ್ಕೆ ಕೇಳಿಸಿದರೆ ಇಬ್ಬರೂ ದನಿ ಬಂದ ದಿಕ್ಕನ್ನು ಕಂಪಾಸಿನಲ್ಲಿ ನೋಡಿ ಹೇಳುತ್ತಾರೆ, ಕಂಟ್ರೋಲ್ ನಕ್ಷೆಯ ಮೇಲೆ ಎರಡು ಗೆರೆ ಎಳೆಯುತ್ತದೆ. ಗೆರೆಗಳು ಕೂಡುವಲ್ಲಿಗೆ ಜನ ಓಡುತ್ತಾರೆ. ಒಂದೊಂದು ತಂಡ ಒಂದೊಂದು ಹೊತ್ತಿಗೆ ಊದಿದರೆ ಇದ್ಯಾವುದೂ ಆಗುವುದಿಲ್ಲ. ಒಬ್ಬರ ಸೀಟಿಯನ್ನೇ ಇನ್ನೊಬ್ಬರು ಉತ್ತರವೆಂದುಕೊಳ್ಳುತ್ತಾರೆ.

ಸಿಕ್ಕ ಮೇಲೂ ಎಚ್ಚರ ಬೇಕು. ಶಾಲೆಯ ಜಗಲಿಯಲ್ಲಿ ತಾಯಿತಂದೆ ಕೂತಿರುತ್ತಾರೆ, ಸೆಟ್ಟಿನ ಪ್ರತಿ ಕರಕರ ಸದ್ದಿಗೂ ಕಿವಿ ನಿಮಿರಿಸಿ. ಆದ್ದರಿಂದ ಸಿಕ್ಕವರ ಹೆಸರು, ಸ್ಥಿತಿಯನ್ನು ಬಹಿರಂಗ ಚಾನೆಲ್ಲಿನಲ್ಲಿ ಹೇಳುವುದಿಲ್ಲ. ಮೊದಲೇ ಗೊತ್ತುಮಾಡಿಕೊಂಡ ಸಂಕೇತದ ಮಾತಿನಲ್ಲಿ ಸುದ್ದಿ ಬರುತ್ತದೆ. ಮನೆಯವರಿಗೆ ಅದನ್ನು ಪಕ್ಕದಲ್ಲಿ ಕೂತು ಹೇಳುವ ಜವಾಬ್ದಾರಿ ಒಬ್ಬರದು.

ಕರ್ನಾಟಕದಲ್ಲಿ ಈ ಸಮನ್ವಯದ ಬೆಲೆ ಚೆನ್ನಾಗಿ ಕಂಡದ್ದು 2022ರ ಫೆಬ್ರವರಿ 20ರಂದು, ನಂದಿಬೆಟ್ಟದಲ್ಲಿ. ಬ್ರಹ್ಮಗಿರಿಯ ಬಂಡೆಯಲ್ಲಿ ಜಾರಿದ 19 ವರ್ಷದ ವಿದ್ಯಾರ್ಥಿ ಸುಮಾರು 300 ಅಡಿ ಕೆಳಗೆ ಸಿಕ್ಕಿಕೊಂಡಿದ್ದ. ಫೋನ್ ಕೆಲಸ ಮಾಡುತ್ತಿತ್ತು, ತಾನಿರುವ ಜಾಗವನ್ನು ಪೊಲೀಸರಿಗೆ ತಿಳಿಸಿದ. ನೆಲದಿಂದ ತಲುಪಲಾಗದೆ ಚಿಕ್ಕಬಳ್ಳಾಪುರ ಜಿಲ್ಲಾಡಳಿತ ಯಲಹಂಕದ ವಾಯುನೆಲೆಯ ನೆರವು ಕೇಳಿತು. ಎಂಐ-17 ಹೆಲಿಕಾಪ್ಟರ್ ಬಂದರೂ ಬಂಡೆಗಳ ನಡುವೆ ಅವನನ್ನು ಕಾಣುವುದು ಸುಲಭವಿರಲಿಲ್ಲ; ಸ್ಥಳೀಯ ಪೊಲೀಸರು ದಾರಿ ತೋರಿದ ಮೇಲೆ ಕಂಡ. ಇಳಿಯಲು ಜಾಗವಿಲ್ಲದ್ದರಿಂದ ಸಿಬ್ಬಂದಿಯೊಬ್ಬರನ್ನು ಹಗ್ಗದಲ್ಲಿ ಇಳಿಸಿ ಮೇಲಕ್ಕೆತ್ತಿದರು. ಜಾಗ ಗೊತ್ತಿದ್ದುದರಿಂದ ಅದೇ ದಿನ ಕೆಲಸ ಮುಗಿಯಿತು.

ಫೋನ್ ಸಿಗದಿದ್ದರೆ ಕತೆ ಬೇರೆ. 2019ರ ಸೆಪ್ಟೆಂಬರಿನಲ್ಲಿ ಕುಮಾರಪರ್ವತದಲ್ಲಿ ಗುಂಪಿನಿಂದ ತಪ್ಪಿಸಿಕೊಂಡ ಬೆಂಗಳೂರಿನ ಯುವಕನನ್ನು ಹುಡುಕುತ್ತಿರುವಾಗಲೇ ಅವನು ನೀರಿನ ಪೈಪೊಂದರ ಜಾಡು ಹಿಡಿದು ಸುಬ್ರಹ್ಮಣ್ಯದ ಕಡೆಗೆ ತಾನೇ ಇಳಿದು ಬಂದ. ಅಮೆರಿಕದ ಮೇನ್ ರಾಜ್ಯದಲ್ಲಿ 2013ರ ಜುಲೈನಲ್ಲಿ ಅಪಲಾಚಿಯನ್ ಟ್ರೇಲ್‌ನಿಂದ ದಾರಿ ತಪ್ಪಿದ 66 ವರ್ಷದ ಮಹಿಳೆಗೆ ಆ ಅದೃಷ್ಟ ಇರಲಿಲ್ಲ. ಗಂಡನಿಗೆ ಸಂದೇಶ ಕಳಿಸಲು ಹಲವು ಸಲ ಯತ್ನಿಸಿದರು, ಸಿಗ್ನಲ್ಲಿಗಾಗಿ ಎತ್ತರದ ಜಾಗ ಹುಡುಕಿದರು, ಒಂದೂ ಹೋಗಲಿಲ್ಲ. ನಾಯಿಗಳೊಂದಿಗೆ ಹುಡುಕಿದ ತಂಡ ಅವರ ಡೇರೆಯಿಂದ ಸುಮಾರು ನೂರು ಗಜದಷ್ಟು ಹತ್ತಿರ ಹಾದುಹೋಗಿತ್ತೆಂದು ಮುಂದೆ ತನಿಖೆ ಹೇಳಿತು. ಅವಶೇಷ ಸಿಕ್ಕಿದ್ದು 2015ರ ಅಕ್ಟೋಬರಿನಲ್ಲಿ.

ಹೊರದೇಶಗಳಲ್ಲಿ ಚಾರಣಿಗರು ಈಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಸಾಧನ ಒಯ್ಯುತ್ತಾರೆ. ಭಾರತದಲ್ಲಿ ಸ್ಯಾಟಲೈಟ್ ಫೋನ್ ಹಾಗೂ ಅಂಥ ಸಾಧನಗಳನ್ನು ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವುದು ಅಪರಾಧ. ಗೊತ್ತಿಲ್ಲದೆ ತಂದ ವಿದೇಶಿ ಪ್ರವಾಸಿಗರು ಪೊಲೀಸ್ ಠಾಣೆ ಕಂಡಿದ್ದಾರೆ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ವಾಕಿಟಾಕಿಯೆಲ್ಲ ಸಕ್ರಮವೂ ಅಲ್ಲ. ಲೈಸೆನ್ಸ್ ಇಲ್ಲದೆ ಬಳಸಬಹುದಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟುಗಳನ್ನು. ನಿಯಮ ಮೀರಿದ ಮಾರಾಟದ ಬಗ್ಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಇ-ಕಾಮರ್ಸ್ ಕಂಪನಿಗಳಿಗೆ ನೋಟಿಸನ್ನೇ ಕೊಟ್ಟಿತು. ಹೆಚ್ಚು ದೂರ ಮಾತಾಡಬೇಕೆಂದರೆ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಬರೆಯಬೇಕು. ಹನ್ನೆರಡು ವರ್ಷ ತುಂಬಿದವರು ಯಾರು ಬೇಕಾದರೂ ಬರೆಯಬಹುದು; ಪಾಸಾದವರಿಗೆ ವಿಯು ಅಕ್ಷರಗಳಿಂದ ಶುರುವಾಗುವ ಕರೆಸಂಕೇತ ಸಿಗುತ್ತದೆ.

ಹ್ಯಾಮ್‌ಗಳ ಕೆಲಸ ಕಾಡಿಗಷ್ಟೇ ಸೀಮಿತವಲ್ಲ. ಗಂಗಾಸಾಗರದ ಮೇಳದಲ್ಲಿ ಜನಜಂಗುಳಿಯ ನಡುವೆ ಕಳೆದುಹೋದವರನ್ನು ಮನೆಯವರಿಗೆ ಸೇರಿಸುವ ಕೆಲಸವನ್ನು ವೆಸ್ಟ್ ಬೆಂಗಾಲ್ ರೇಡಿಯೊ ಕ್ಲಬ್ ಮಾಡುತ್ತ ಬಂದಿದೆ. ಮಹಾನಗರವಾದರೂ ಫೋನನ್ನು ಪೂರ್ತಿ ನಂಬುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿಲಿಮೀಟರ್ ಮಳೆ ಸುರಿದು ಮೀಠಿ ಉಕ್ಕಿದಾಗ ಮುಂಬಯಿಯ ಹಲವೆಡೆ ಫೋನುಗಳು ಮೂಕವಾಗಿದ್ದವು. ಕೆಲವೊಮ್ಮೆ ದಾರಿಯೂ ಕೈಕೊಡುತ್ತದೆ: 2023ರ ಜುಲೈ 19ರ ರಾತ್ರಿ ರಾಯಗಡ ಜಿಲ್ಲೆಯ ಇರ್ಶಾಳಗಡದ ಕೆಳಗಿನ ಇರ್ಶಾಳವಾಡಿಯ ಮೇಲೆ ಗುಡ್ಡ ಕುಸಿದಾಗ ವಾಹನ ಹೋಗುವ ದಾರಿಯೇ ಇರಲಿಲ್ಲ, ಹವೆ ಕೆಟ್ಟು ಹೆಲಿಕಾಪ್ಟರ್ ಹಾರಲಾಗಲಿಲ್ಲ. ರಕ್ಷಣೆಗೆ ಬಂದವರು ಚಾರಣಿಗರ ಕಾಲುದಾರಿಯಲ್ಲೇ ಹತ್ತಿದರು. 27 ಶವ ಸಿಕ್ಕವು. ಇನ್ನೂ 57 ಮಂದಿ ಪತ್ತೆಯಾಗದೆ ಹುಡುಕಾಟ ನಿಂತಿತು.

ಕಂಟ್ರೋಲ್‌ನಲ್ಲಿ ಕೂರುವವರು ಚಾರಣಿಗರಿಂದ ಬಯಸುವುದು ಹೆಚ್ಚೇನಲ್ಲ. ಹೊರಡುವ ಮುಂಚೆ ಯಾವ ಬೆಟ್ಟ, ಯಾವ ಹಳ್ಳಿಯಿಂದ ಹತ್ತುವುದು, ಯಾವ ಕಡೆ ಇಳಿಯುವುದು, ಎಷ್ಟು ಹೊತ್ತಿಗೆ ಕೆಳಗಿರುತ್ತೇವೆ, ಅಂಗಿಯ ಬಣ್ಣ ಯಾವುದು ಎಂಬುದನ್ನು ಮನೆಯಲ್ಲಿ ಉಳಿಯುವ ಒಬ್ಬರಿಗೆ ಬರೆದು ಕೊಡಿ. ಸಿಗ್ನಲ್ ಇಲ್ಲದಲ್ಲಿ ಫೋನ್ ಟವರ್ ಹುಡುಕಿಯೇ ಬ್ಯಾಟರಿ ಮುಗಿಸುತ್ತದೆ, ಏರೋಪ್ಲೇನ್ ಮೋಡ್‌ನಲ್ಲಿಡಿ. ಕರೆ ಹೋಗದ ಜಾಗದಿಂದಲೂ ಎಸ್ಸೆಮ್ಮೆಸ್ ಹೋಗಬಹುದು. ನಿಮ್ಮ ಕಂಪನಿಯ ಟವರ್ ಇಲ್ಲದಿದ್ದರೂ ಬೇರೆ ಕಂಪನಿಯದು ಸಿಕ್ಕರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಉಂಟು. ಒಂದು ಸೀಟಿ ಕೊರಳಿಗಿರಲಿ: ಮೂರು ಸಲ ಊದುವುದು ಹಲವೆಡೆ ಒಪ್ಪಿಕೊಂಡ ಆಪತ್ತಿನ ಸೂಚನೆ. ದಾರಿ ತಪ್ಪಿತೆಂದು ಗೊತ್ತಾದ ಕೂಡಲೇ, ಅಪಾಯವಿಲ್ಲದ ಜಾಗವಾಗಿದ್ದರೆ, ಅಲ್ಲೇ ಕೂತುಬಿಡಿ. ನೀವು ನಡೆದಷ್ಟೂ ಹುಡುಕುವವರ ವೃತ್ತ ಹಿಗ್ಗುತ್ತದೆ. ಮನೆಯಲ್ಲಿ ಉಳಿದವರೂ ಬೆಳಗಾಗಲಿ ನೋಡೋಣ ಎನ್ನುತ್ತ ಕಾಯದೆ, ಹೇಳಿದ ಹೊತ್ತು ಮೀರಿದರೆ ಆ ರಾತ್ರಿಯೇ 112ಕ್ಕೆ ಫೋನ್ ಮಾಡಿ.