ಬೇಸಿಗೆಯಲ್ಲಿ ಮಳೆಗೆ ತಯಾರಿ

ಮೇ ತಿಂಗಳು, ಬೆಳಗಿನ ಆರು ಗಂಟೆ. ಪುದುಚೇರಿ ಪಕ್ಕದ ಆರೋವಿಲ್‌ನಲ್ಲಿ ಆಗಲೇ ಗುದ್ದಲಿ ಸದ್ದು. ಹತ್ತು ದಾಟಿದರೆ ಈ ಬಿಸಿಲಲ್ಲಿ ನಿಲ್ಲೋಕಾಗಲ್ಲ.

1968ರಲ್ಲಿ ಈ ಊರು ಹುಟ್ಟಿದಾಗ ಇಲ್ಲಿದ್ದದ್ದು ಬಹುಪಾಲು ಬೋಳು ಕೆಂಪು ನೆಲ. ಮಳೆ ಬಂದರೆ ಮೇಲ್ಮಣ್ಣು ಕೊರಕಲುಗಳಲ್ಲಿ ಕೊಚ್ಚಿಹೋಗಿ ಸಮುದ್ರ ಸೇರ್ತಿತ್ತು. ಅದಕ್ಕೇ ಇಳಿಜಾರಿಗೆ ಅಡ್ಡಲಾಗಿ ಮಣ್ಣಿನ ಬದು. ನೀರು ಅಲ್ಲೇ ನಿಂತು ಇಂಗಬೇಕು. ದೊಡ್ಡ ಮಳೆ ಬರೋದು ಅಕ್ಟೋಬರ್‌ನಿಂದ, ಹಿಂಗಾರಿನಲ್ಲಿ.

ಈಗ ಕಾಡು ಬೆಳೆಸೋಕೆ ನೆಟ್ಟ ಈ ಎಳೇ ಸಸಿಯ ಬುಡ ನೋಡಿ. ಮೇಲೆ ತರಗೆಲೆ, ಮುಟ್ಟಿದರೆ ಬಿಸಿ. ಬೆರಳಿಂದ ಸ್ವಲ್ಪ ಸರಿಸಿ: ಕೆಳಗಿನ ಮಣ್ಣು ಇನ್ನೂ ತಣ್ಣಗೆ, ಒದ್ದೆ. ಸಸಿಯನ್ನು ಬೇಸಿಗೆ ದಾಟಿಸೋದು ಈ ಒಂದು ಹಿಡಿ ತೇವ. ಇಡೀ ಕಾಡಿಗಿಂತ ನನಗೆ ಇದೇ ದೊಡ್ಡದು.

ಕೆಲಸ ಮುಗಿದ ಮೇಲೆ ನೆರಳಲ್ಲಿ ತಾಟಿನುಂಗು. ಹೆಬ್ಬೆರಳು ಒತ್ತಿದರೆ ಸಿಹಿ ನೀರು ಚಿಮ್ಮುತ್ತೆ!