ಕೈಕಟ್ಟಿ ಕೂತು ಕಲಿಯುವ ವಿದ್ಯೆ

ಪುಟ್ಟ ಮಕ್ಕಳ ಶಿಕ್ಷಕಿಯಾಗಲು ತರಬೇತಿ ಪಡೆಯುತ್ತಿರುವವಳು ಬೆಂಗಳೂರಿನ ಒಂದು ಒಳ್ಳೆಯ ಮಾಂಟೆಸ್ಸರಿ ಶಾಲೆಗೆ ಹೋದರೆ, ಮೊದಲ ದಿನ ಅವಳ ಕೈಗೆ ತರಗತಿ ಕೊಡುವುದಿಲ್ಲ. ಗೋಡೆಯ ಪಕ್ಕ ಒಂದು ಕುರ್ಚಿ ಹಾಕಿ, ನೋಟ್‌ಬುಕ್ಕು ಹಿಡಿದು ಕೂರು ಎನ್ನುತ್ತಾರೆ. ಮಕ್ಕಳನ್ನು ಮಾತಾಡಿಸುವಂತಿಲ್ಲ, ನಗಿಸುವಂತಿಲ್ಲ, ಬಿದ್ದ ಪೆನ್ಸಿಲ್ ಎತ್ತಿಕೊಡುವಂತೆಯೂ ಇಲ್ಲ. ಮಗುವೇ ಹತ್ತಿರ ಬಂದು ‘ಆಂಟಿ, ಏನು ಬರೀತಿದೀರಾ?’ ಎಂದರೆ ‘ನೀವೆಲ್ಲ ಕೆಲಸ ಮಾಡೋದನ್ನ ನೋಡ್ತಿದೀನಿ’ ಎಂದಷ್ಟೇ ಹೇಳಿ ತಲೆ ತಗ್ಗಿಸಬೇಕು. ಅಂತರರಾಷ್ಟ್ರೀಯ ಮಾಂಟೆಸ್ಸರಿ ಸಂಘದ ಡಿಪ್ಲೊಮಾದಲ್ಲಿ ಹೀಗೆ ನೋಡುವುದಕ್ಕೇ ಸುಮಾರು 90 ಗಂಟೆ ಮೀಸಲು. ಮಕ್ಕಳ ಜೊತೆ ಕೆಲಸ ಮಾಡುವ ‘ಪ್ರಾಕ್ಟಿಸ್ ಟೀಚಿಂಗ್’ ಬರುವುದು ಆಮೇಲೆ.

ಕೂತು ನೋಡುವುದರಲ್ಲಿ ಏನಿದೆ ಅನ್ನಿಸಬಹುದು. ನಾಲ್ಕು ವರ್ಷದ ಹುಡುಗನೊಬ್ಬ ಪುಟ್ಟ ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುತ್ತಿದ್ದಾನೆ. ಲೋಟ ತುಂಬಿದ್ದು ಅವನಿಗೆ ತಿಳಿಯಲಿಲ್ಲ, ನೀರು ಟ್ರೇಗೆ ಹರಿಯಿತು. ಕುರ್ಚಿಯಲ್ಲಿ ಕೂತವಳ ಕಾಲು ತಾನಾಗಿಯೇ ಏಳಲು ಸಿದ್ಧವಾಗುತ್ತದೆ. ಎದ್ದಳೋ, ಮುಂದಿನದು ಅವಳಿಗೆ ಕಾಣುವುದೇ ಇಲ್ಲ. ಹುಡುಗ ಜಗ್ಗು ಕೆಳಗಿಟ್ಟು ಚೆಲ್ಲಿದ ನೀರನ್ನು ಒಂದು ಗಳಿಗೆ ನೋಡುತ್ತಾನೆ, ಸ್ಪಂಜು ತಂದು ಒತ್ತಿ ಒರೆಸುತ್ತಾನೆ, ಹಿಂಡುತ್ತಾನೆ. ಮತ್ತೆ ಬಗ್ಗಿಸುವಾಗ ಲೋಟದ ಪಕ್ಕಕ್ಕೆ ಬಾಗಿ, ನೀರು ಏರುವ ಮಟ್ಟಕ್ಕೆ ಕಣ್ಣು ತಂದುಕೊಳ್ಳುತ್ತಾನೆ. ಯಾರೂ ಹೇಳಿಕೊಡದೆ ಅವನು ಕಂಡುಕೊಂಡದ್ದು ಅದು.

ಬರೆಯುವುದರಲ್ಲೂ ಒಂದು ಶಿಸ್ತಿದೆ. ‘ಹುಡುಗಿಗೆ ಆಸಕ್ತಿ ಇಲ್ಲ’ ಎಂದು ಬರೆದರೆ ಮಾರ್ಗದರ್ಶಕಿ ಆ ಸಾಲಿನ ಕೆಳಗೆ ಗೆರೆ ಎಳೆದು, ನೀನು ಕಣ್ಣಾರೆ ನೋಡಿದ್ದೇನು ಎಂದು ಕೇಳುತ್ತಾರೆ. ಕಂಡದ್ದು ಇಷ್ಟು: ಹುಡುಗಿ ಚಾಪೆ ಹಾಸಿ ಮಣಿಗಳ ಪೆಟ್ಟಿಗೆ ತಂದಳು, ಮುಚ್ಚಳ ತೆಗೆಯಲಿಲ್ಲ, ಕಿಟಕಿಯ ಕಡೆ ನೋಡುತ್ತಾ ಐದು ನಿಮಿಷ ಕೂತಳು. ಕಿಟಕಿಯ ಆಚೆ ಅವಳ ಅಣ್ಣನ ತರಗತಿ ಇರಬಹುದು, ಬೆಳಿಗ್ಗೆ ತಿಂಡಿ ತಿಂದಿಲ್ಲದಿರಬಹುದು. ಕಂಡದ್ದನ್ನೂ ಊಹಿಸಿದ್ದನ್ನೂ ಬೇರೆ ಮಾಡಲು ಬಾರದವರು ಮುಂದೆ ಮಕ್ಕಳಿಗೆ ‘ಮೊದ್ದು’, ‘ತುಂಟ’ ಎಂದು ಹೆಸರಿಡುತ್ತಾರೆ. ಮೂರು ವರ್ಷದ ಮಗುವಿಗೆ ಅಂಟಿದ ಆ ಹೆಸರು ಎಷ್ಟು ವರ್ಷ ಬೆನ್ನುಬಿಡುವುದಿಲ್ಲವೆಂದು ನಮಗೆಲ್ಲ ಗೊತ್ತು. ಇಡೀ ತರಬೇತಿಯಲ್ಲಿ ಈ ಒಂದು ಪಾಠ ಗಟ್ಟಿಯಾದರೂ ಸಾಕು ಎಂದು ನನಗೆ ಅನ್ನಿಸುವುದು ಅದಕ್ಕೇ.

ಈ ಪದ್ಧತಿ ಹುಟ್ಟಿದ್ದೇ ನೋಡುವುದರಿಂದ. ಮರಿಯಾ ಮಾಂಟೆಸ್ಸರಿ ಓದಿದ್ದು ವೈದ್ಯಕೀಯ. 1907ರ ಜನವರಿಯಲ್ಲಿ ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಬಡಾವಣೆಯಲ್ಲಿ ಮೊದಲ ಮಕ್ಕಳ ಮನೆ ತೆರೆದಾಗ, ಅವರು ಅಲ್ಲಿಗೂ ವೈದ್ಯರ ಕಣ್ಣನ್ನೇ ತಂದರು. ಮೂರರ ಆಸುಪಾಸಿನ ಒಂದು ಹುಡುಗಿ ಮರದ ದಿಮ್ಮಿಯ ಗುಳಿಗಳಲ್ಲಿ ಸಿಲಿಂಡರುಗಳನ್ನು ತೆಗೆದು ಕೂರಿಸುತ್ತಿದ್ದಳು. ಸುತ್ತ ಬೇರೆ ಮಕ್ಕಳನ್ನು ಹಾಡಿಸಿ ಕುಣಿಸಿದರೂ, ಅವಳನ್ನು ಕುರ್ಚಿ ಸಮೇತ ಎತ್ತಿ ಮೇಜಿನ ಮೇಲೆ ಇಟ್ಟರೂ ಅವಳು ಬಿಡಲಿಲ್ಲ. 40ಕ್ಕೂ ಹೆಚ್ಚು ಬಾರಿ ಮಾಡಿ, ತನಗೆ ಸಾಕೆನ್ನಿಸಿದಾಗ ನಿಲ್ಲಿಸಿದಳು. ಪುಟ್ಟ ಮಕ್ಕಳಿಗೆ ಏಕಾಗ್ರತೆ ಇರುವುದಿಲ್ಲ ಎಂಬ ನಂಬಿಕೆ ಮಾಂಟೆಸ್ಸರಿಯವರ ಪಾಲಿಗೆ ಅಲ್ಲೇ ಬಿದ್ದುಹೋಯಿತು.

1939ರಲ್ಲಿ ಅವರು ಮದ್ರಾಸಿನ ಅಡ್ಯಾರಿಗೆ ಬಂದಿದ್ದು ಥಿಯಸಾಫಿಕಲ್ ಸೊಸೈಟಿಯ ಕರೆಯ ಮೇಲೆ, ಒಂದು ಕೋರ್ಸು ನಡೆಸಿಕೊಡಲು. ಅವರ ಇಟಾಲಿಯನ್ ಉಪನ್ಯಾಸಗಳನ್ನು ಮಗ ಮಾರಿಯೊ ಇಂಗ್ಲಿಷಿಗೆ ತಿರುಗಿಸುತ್ತಿದ್ದರು. ಯುದ್ಧ ಬಂದು ಇಟಲಿ ಬ್ರಿಟನ್ನಿನ ಶತ್ರುವಾದಾಗ ತಾಯಿ ಮಗ ಇಬ್ಬರೂ ಇಲ್ಲೇ ಸಿಕ್ಕಿಬಿದ್ದರು, ಮಾರಿಯೊನನ್ನು ಕೆಲಕಾಲ ಬಂಧನದಲ್ಲೂ ಇಡಲಾಯಿತು. ಆ ಸೆರೆಯಿಂದ ನಮ್ಮ ನಾಡಿಗೆ ದೊಡ್ಡ ಲಾಭವಾಯಿತು. 1949ರವರೆಗೆ, ನಡುವೆ ಯುರೋಪಿಗೆ ಹೋಗಿ ಬಂದ ಕಾಲ ಬಿಟ್ಟರೆ, ಅವರು ಇಲ್ಲಿ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ತಯಾರು ಮಾಡಿದರು. ಇಂದು ಬೆಂಗಳೂರಿನ ಗಲ್ಲಿಗಲ್ಲಿಯಲ್ಲಿ ಕಾಣುವ ಮಾಂಟೆಸ್ಸರಿ ಬೋರ್ಡುಗಳ ಹಿಂದೆ ಆ ಹತ್ತು ವರ್ಷದ ಕಥೆಯಿದೆ. ಬೋರ್ಡು ಇರುವಲ್ಲೆಲ್ಲ ಪದ್ಧತಿಯೂ ಇದೆ ಎಂದುಕೊಳ್ಳಬೇಡಿ; ಆ ಹೆಸರನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ತರಬೇತಿಗೆ ಸೇರುವವರು ಮೊದಲು ವಿಚಾರಿಸಬೇಕಾದ್ದು, ಅಭ್ಯಾಸಕ್ಕೆ ಯಾವ ಶಾಲೆಗೆ ಕಳಿಸುತ್ತೀರಿ, ಎಷ್ಟು ದಿನ, ಅಲ್ಲಿ ನಮ್ಮನ್ನು ನೋಡಿಕೊಳ್ಳುವವರು ಯಾರು ಎಂಬುದನ್ನು.

ಕುರ್ಚಿ ಬಿಟ್ಟು ಮಕ್ಕಳ ನಡುವೆ ಬಂದ ಮೇಲೆ ಇನ್ನೊಂದು ಬಗೆಯ ಕಷ್ಟ. ಉಪ್ಪುಕಾಗದದಲ್ಲಿ ಕತ್ತರಿಸಿ ಅಂಟಿಸಿದ ಅಕ್ಷರದ ಮೇಲೆ ಎರಡು ಬೆರಳಾಡಿಸಿ ತೋರಿಸುವುದು ಸುಲಭ ಎನ್ನಿಸುತ್ತದೆ. ಕನ್ನಡದ ‘ಅ’ ಎಲ್ಲಿ ಶುರುವಾಗಿ ಎಲ್ಲಿ ಸುತ್ತಿ ಎಲ್ಲಿ ನಿಲ್ಲುತ್ತದೆಂದು ಬೆರಳಿಗೆ ಗೊತ್ತಿರದಿದ್ದರೆ ಮಗುವಿನ ಬೆರಳೂ ತಪ್ಪು ದಾರಿ ಹಿಡಿಯುತ್ತದೆ. ನಮ್ಮ ಅಕ್ಷರಗಳು ಬಳಸಿ ಬಳಸಿ ಸಾಗುವಂಥವು, ಹಲವು ಕೈ ಎತ್ತದೆ ಬರೆಯುವಂಥವು. ಇಂಗ್ಲಿಷ್ ಅಕ್ಷರದ ಅಭ್ಯಾಸ ಇಲ್ಲಿ ನೆರವಿಗೆ ಬರುವುದಿಲ್ಲ. ಅದಕ್ಕೇ ಅಭ್ಯಾಸಕ್ಕೆ ಬಂದವರು ಸಂಜೆ ಮನೆಯಲ್ಲಿ ಒಬ್ಬರೇ ಕೂತು ಬೆರಳಾಡಿಸುವುದುಂಟು.

ಪುಟ್ಟ ಮಕ್ಕಳ ಶಿಕ್ಷಕರನ್ನು ಮಕ್ಕಳ ನಡುವೆಯೇ ತಯಾರು ಮಾಡಬೇಕು ಎಂಬುದನ್ನು ಮಾಂಟೆಸ್ಸರಿ ಇಲ್ಲಿಗೆ ಬರುವ ಮೊದಲೇ ಗುಜರಾತಿನಲ್ಲಿ ಮಾಡಿ ತೋರಿಸಲಾಗಿತ್ತು. ವಕೀಲಿಕೆ ಬಿಟ್ಟು ಬಂದ ಗಿಜುಭಾಯಿ ಬಧೇಕಾ 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಕಟ್ಟಿದರು, 1925ರಲ್ಲಿ ಜೊತೆಗೇ ಶಿಕ್ಷಕರನ್ನು ತಯಾರು ಮಾಡುವ ಅಧ್ಯಾಪನ ಮಂದಿರವನ್ನೂ ಶುರು ಮಾಡಿದರು. ಅವರ ಸಹೋದ್ಯೋಗಿ ತಾರಾಬಾಯಿ ಮೋಡಕ್ 1945ರಲ್ಲಿ ಮುಂಬೈ ಪ್ರಾಂತ್ಯದ ಕರಾವಳಿಯ ಬೋರ್ಡಿ ಎಂಬ ಊರಿಗೆ ಹೋದರು. ಅನುತಾಯಿ ವಾಘ್ ಜೊತೆಯಾದರು. ಅಲ್ಲಿನ ಹಾಡಿಯ ಮಕ್ಕಳು ಇವರ ಬಾಲವಾಡಿಗೆ ಬರಲಿಲ್ಲ. ಹಾಗಾದರೆ ನಾವೇ ಹೋಗೋಣ ಎಂದು ಶಿಕ್ಷಕಿಯರು ಅವರ ಅಂಗಳಕ್ಕೇ ಹೋದರು. ಮಕ್ಕಳ ಉಗುರು ಕತ್ತರಿಸಿ, ಸ್ನಾನ ಮಾಡಿಸಿ, ಕಲ್ಲು, ಎಲೆ, ಬೀಜಗಳನ್ನೇ ಸಾಮಗ್ರಿ ಮಾಡಿಕೊಂಡು ಆಡಿಸಿದರು. ಅಂಗನವಾಡಿಯ ಕಲ್ಪನೆ ಮೂಡಿದ್ದು ಅಲ್ಲಿ. ಅಲ್ಲಿ ಕಲಿಯಲು ಬಂದ ಹೆಣ್ಣುಮಕ್ಕಳಿಗೆ ಹಾಡಿಯ ಅಂಗಳವೇ ತರಗತಿ.

ತನ್ನ ಕೇಂದ್ರಗಳಿಗೆ ಅಂಗನವಾಡಿ ಎಂಬ ಅದೇ ಹೆಸರಿಟ್ಟ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ನಮ್ಮ ಹಳ್ಳಿಗಳ ಬಹುಪಾಲು ಮಕ್ಕಳಿಗೆ ಮೊದಲ ಟೀಚರ್ ಆಗುವವರು ಅಲ್ಲಿನ ಕಾರ್ಯಕರ್ತೆಯರೇ. ಅವರು ತೂಕ ನೋಡಬೇಕು, ಮೊಟ್ಟೆ ಹಂಚಬೇಕು, ಗರ್ಭಿಣಿ ಬಾಣಂತಿಯರ ಲೆಕ್ಕ ಇಡಬೇಕು, ಮೊಬೈಲಿನಲ್ಲಿ ಮಾಹಿತಿ ತುಂಬಬೇಕು. ನಗರದ ಡಿಪ್ಲೊಮಾ ವಿದ್ಯಾರ್ಥಿನಿಗೆ ಸಿಗುವ ಆ ಕುರ್ಚಿ, ಆ 90 ಗಂಟೆ, ಪಕ್ಕದಲ್ಲೊಬ್ಬ ನುರಿತ ಶಿಕ್ಷಕಿ ಇವರಿಗೆ ಸಿಗುವುದಿಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಓದಿದ ಕಾರ್ಯಕರ್ತೆಯರಿಗೆ ಆರು ತಿಂಗಳ ಸರ್ಟಿಫಿಕೇಟ್, ಅದಕ್ಕಿಂತ ಕಡಿಮೆ ಓದಿದವರಿಗೆ ಒಂದು ವರ್ಷದ ಡಿಪ್ಲೊಮಾ ಎಂದಿದೆ. ಅದನ್ನು ಡಿಟಿಎಚ್ ಚಾನೆಲ್, ಸ್ಮಾರ್ಟ್‌ಫೋನುಗಳ ಮೂಲಕ ಕಲಿಸಬಹುದೆಂದೂ, ತಿಂಗಳಿಗೆ ಒಮ್ಮೆಯಾದರೂ ಮುಖಾಮುಖಿ ತರಗತಿ ಇರಬೇಕೆಂದೂ ಹೇಳಿದೆ. ಕೆಲಸ ಬಿಟ್ಟು ಬರಲಾಗದವರಿಗೆ ಫೋನಿನ ಪಾಠ ದೊಡ್ಡ ಅನುಕೂಲವೇ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳುವ ಮಗುವಿನ ಮುಂದೆ ಎಷ್ಟು ಹೊತ್ತು ಸುಮ್ಮನಿರಬೇಕು, ಯಾವಾಗ ಎತ್ತಿಕೊಳ್ಳಬೇಕು ಎಂಬುದನ್ನು ವಿಡಿಯೊ ಕಲಿಸಲಾರದು.

ದಾರಿ ಇಲ್ಲದಿಲ್ಲ. ದೆಹಲಿಯ ಲೇಡಿ ಇರ್ವಿನ್ ಕಾಲೇಜು ವಿದ್ಯಾರ್ಥಿನಿಯರು ಮಕ್ಕಳ ನಡುವೆಯೇ ಕಲಿಯಲೆಂದು 1955ರಿಂದ ತನ್ನ ಆವರಣದಲ್ಲೇ ಮಕ್ಕಳ ಕೇಂದ್ರ ಇಟ್ಟುಕೊಂಡಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಗೃಹವಿಜ್ಞಾನ ವಿಭಾಗದವರೂ ಹೀಗೆಯೇ ಲ್ಯಾಬ್ ನರ್ಸರಿ ನಡೆಸಿದ್ದಾರೆ. ಅಂಗನವಾಡಿಗೆ ಅಷ್ಟೂ ಬೇಕಿಲ್ಲ. ಪ್ರತಿ ತಾಲ್ಲೂಕಿನಲ್ಲೂ ಮಕ್ಕಳ ಜೊತೆ ಸೊಗಸಾಗಿ ಕೆಲಸ ಮಾಡುವ ಒಬ್ಬಿಬ್ಬರು ಕಾರ್ಯಕರ್ತೆಯರು ಇದ್ದೇ ಇರುತ್ತಾರೆ, ಅವರು ಯಾರೆಂದು ಮೇಲ್ವಿಚಾರಕಿಯರಿಗೆ ಗೊತ್ತು. ಹೊಸಬರನ್ನು ಎರಡು ವಾರ ಅಂಥವರ ಕೇಂದ್ರದಲ್ಲಿ ಕೂರಿಸಬೇಕು. ಮೊದಲ ವಾರ ನೋಡಿ ಬರೆಯುವುದಕ್ಕೆ, ಎರಡನೆಯದು ಅವರ ಕಣ್ಣೆದುರು ಮಾಡುವುದಕ್ಕೆ. ಕಲಿಸುವ ಹಿರಿಯಳಿಗೆ ಅದಕ್ಕೆಂದೇ ಗೌರವಧನ ಇರಬೇಕು, ಆ ಎರಡು ವಾರ ಅವಳ ರಿಜಿಸ್ಟರಿನ ಕೆಲಸವನ್ನು ಬೇರೆಯವರಿಗೆ ವಹಿಸಬೇಕು. ಕಲಿಯಲು ಬಂದವಳಿಗೆ ಬಸ್ ಚಾರ್ಜು, ಊಟ. ಅವಳ ಊರಿನ ಕೇಂದ್ರ ಮುಚ್ಚದಂತೆ ಬದಲಿ ವ್ಯವಸ್ಥೆ. ಮಕ್ಕಳು ಮನೆಗೆ ಹೋದ ಮೇಲೆ ಇಬ್ಬರೂ ಅರ್ಧ ಗಂಟೆ ನೋಟ್‌ಬುಕ್ಕು ಮುಂದಿಟ್ಟುಕೊಂಡು ಮಾತಾಡಲು ಬಿಡುವು ಸಿಗುವಂತೆ ವೇಳಾಪಟ್ಟಿ ಹಾಕಬೇಕು.